ಕಟ್ಟಡಗಳನ್ನು ಕುರಿತು ಬರೆಯುವವರ ಕರ್ತವ್ಯ

ಯೆರೂಸಲೇಮಿನ ಬಿದ್ದ ಗೋಡೆಗಳನ್ನು ಎತ್ತಿಸಿದ ನೆಹೆಮೀಯನ ಕಥೆಯನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಆದರೆ ಆತನು ಊರಿನ ಅಧಿಕಾರಿಗಳೊಡನೆ ಒಂದು ಮಾತನ್ನಾದರೂ ಆಡುವುದಕ್ಕೆ ಮೊದಲು, ಕೆಲವೇ ಜನರನ್ನು ಸಂಗಡ ಕರೆದುಕೊಂಡು ರಾತ್ರಿಯ ವೇಳೆ ಹೊರಟು, ಕೆಡವಲ್ಪಟ್ಟ ಗೋಡೆಗಳನ್ನೂ ಸುಟ್ಟುಹೋದ ಬಾಗಿಲುಗಳನ್ನೂ ಕಣ್ಣಾರೆ ಕಂಡು ಬಂದನೆಂಬುದನ್ನು ನಾವು ಅಷ್ಟಾಗಿ ಮನಸ್ಸಿಗೆ ತಂದುಕೊಳ್ಳುವುದಿಲ್ಲ. ಮೊದಲು ನೋಡುವುದು, ಆಮೇಲೆ ನುಡಿಯುವುದು: ಈ ಕ್ರಮವು ಕಟ್ಟುವವರಿಗೆ ಎಷ್ಟು ಅವಶ್ಯವೋ, ಕಟ್ಟಡಗಳನ್ನು ಕುರಿತು ಬರೆಯುವವರಿಗೆ ಅದಕ್ಕಿಂತಲೂ ಹೆಚ್ಚು ಅವಶ್ಯವೆಂದು ನನ್ನ ಅಭಿಪ್ರಾಯ.

ಕಟ್ಟಡಗಳನ್ನು ಕುರಿತು ಬರೆಯುವುದೂ ಒಂದು ವೃತ್ತಿಯೇ ಎಂದು ಕೇಳುವವರುಂಟು. ಹಿಡಿಸದ ಕವಿತೆಯನ್ನು ಓದದೆ ಬಿಡಬಹುದು. ಹಿಡಿಸದ ಚಿತ್ರವನ್ನು ನೋಡದೆ ಹೋಗಬಹುದು. ಆದರೆ ಕಾಯಿಲೆ ಬಿದ್ದವನು ಆಸ್ಪತ್ರೆಯನ್ನು ಕಟ್ಟಿದಂತೆಯೇ ಒಪ್ಪಿಕೊಳ್ಳಬೇಕು; ಮಗುವು ಶಾಲೆಯ ಕೋಣೆ ಬೆಳಕಿಲ್ಲದ್ದಾದರೂ ಅದರಲ್ಲಿಯೇ ಕುಳಿತು ಓದಬೇಕು. ಹೀಗೆ ಬೇಡವೆನ್ನಲು ಶಕ್ತಿಯಿಲ್ಲದವರ ಪರವಾಗಿ ಕೇಳತಕ್ಕ ಒಂದು ಲೇಖನಿಯು ಬೇಕಾಗಿದೆ. ಈ ಕೆಲಸವನ್ನು ಓರ್ವ ಸ್ತ್ರೀಯು ಎಷ್ಟರ ಮಟ್ಟಿಗೆ ನಡೆಸಬಲ್ಲಳೆಂಬುದಕ್ಕೆ ಅಮೆರಿಕಾ ದೇಶದ ಜೇನ್ ಜೇಕಬ್ಸ್‌ರವರ ಜೀವಿತವೇ ನಿದರ್ಶನವಾಗಿದೆ.

ಇವರು 1916ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಸ್ಕ್ರಾಂಟನ್ ಪಟ್ಟಣದಲ್ಲಿ ವೈದ್ಯರೊಬ್ಬರ ಮಗಳಾಗಿ ಹುಟ್ಟಿದರು. ಹೈಸ್ಕೂಲು ಮುಗಿದ ಮೇಲೆ ಊರಿನ ವೃತ್ತಪತ್ರಿಕೆಯ ಮಹಿಳಾ ವಿಭಾಗದಲ್ಲಿ ಸಂಬಳವಿಲ್ಲದೆ ಕೆಲಸ ಕಲಿತು, ತರುವಾಯ ನ್ಯೂಯಾರ್ಕಿಗೆ ಹೋಗಿ ಶೀಘ್ರಲಿಪಿಯಿಂದ ಹೊಟ್ಟೆ ಹೊರೆದರು. ಆ ದಿನಗಳಲ್ಲಿ ನಗರದ ಬೀದಿಗಳಲ್ಲಿ ಅಲೆಯುತ್ತ, ತುಪ್ಪುಳು ಚರ್ಮ, ಹೂವು, ವಜ್ರ ಮುಂತಾದ ವ್ಯಾಪಾರಗಳು ನಡೆಯುವ ಕೇರಿಗಳನ್ನು ಕಂಡು, ಅವನ್ನು ಕುರಿತು ಬರೆದ ಲೇಖನಗಳನ್ನು 'ವೋಗ್' ಪತ್ರಿಕೆಗೆ ಮಾರಿದರು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಎರಡು ವರುಷ ತಮಗೆ ರುಚಿಸಿದ ಶಾಸ್ತ್ರಗಳನ್ನು ಓದಿದರು. ಪದವಿಯನ್ನು ಮಾತ್ರ ಪಡೆಯಲಿಲ್ಲ. ಲೋಹದ ಉದ್ಯಮಕ್ಕೆ ಸಂಬಂಧಪಟ್ಟ 'ಐರನ್ ಏಜ್' ಪತ್ರಿಕೆಯಲ್ಲಿಯೂ ದುಡಿದರು. 1952ರಲ್ಲಿ 'ಆರ್ಕಿಟೆಕ್ಚರಲ್ ಫೋರಮ್' ಎಂಬ ವಾಸ್ತುಶಿಲ್ಪದ ಮಾಸಪತ್ರಿಕೆಯ ಸಂಪಾದಕವರ್ಗಕ್ಕೆ ಸೇರಿದಾಗ ಆಸ್ಪತ್ರೆ ಮತ್ತು ಶಾಲೆಗಳ ವಿಷಯವು ಅವರ ಪಾಲಿಗೆ ಬಂತು. ಕಟ್ಟಡದ ನಕ್ಷೆಗಳನ್ನು ಓದುವ ಬಗೆಯನ್ನು ವಾಸ್ತುಶಿಲ್ಪಿಯಾಗಿದ್ದ ಗಂಡನಿಂದ ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡರು.

ಇಲ್ಲಿಯ ವರೆಗಿನದು ಪರಿಶ್ರಮದ ಕಥೆ. ಇದಕ್ಕಿಂತ ಹಿರಿದಾದುದು ಮುಂದೆ ಬಂತು. ಆ ಕಾಲದಲ್ಲಿ ಹಳೆಯ ಕೇರಿಗಳನ್ನು ನೆಲಸಮಮಾಡಿ ಎತ್ತರದ ವಸತಿಗಳನ್ನು ಕಟ್ಟುವುದೇ ನಗರೋದ್ಧಾರವೆಂದು ಪಂಡಿತರೆಲ್ಲರೂ ನಂಬಿದ್ದರು; ಅವರ ಪತ್ರಿಕೆಯೂ ಹಾಗೆಯೇ ನಂಬಿತ್ತು. ಫಿಲಡೆಲ್ಫಿಯಾ ನಗರದ ಯೋಜಕರಾದ ಎಡ್ಮಂಡ್ ಬೇಕನ್‌ರವರು ಜೇಕಬ್ಸ್‌ರವರಿಗೆ ಮೊದಲು ಒಂದು ಹಳೆಯ ಬೀದಿಯನ್ನೂ ಅನಂತರ ಸುಧಾರಿಸಿದ ಹೊಸ ಬೀದಿಯನ್ನೂ ತೋರಿಸಿದರಂತೆ. ಹಳೆಯ ಬೀದಿಯಲ್ಲಿ ಜನರು ಕಿಕ್ಕಿರಿದಿದ್ದರು; ಹೊಸದರಲ್ಲಿ ಒಂದು ಟೈರನ್ನು ಒದೆಯುತ್ತಿದ್ದ ಹುಡುಗನೊಬ್ಬನ ಹೊರತು ಮತ್ತಾರೂ ಕಾಣಲಿಲ್ಲ. ಜನರೆಲ್ಲಿ ಎಂಬ ಅವರ ಪ್ರಶ್ನೆಗೆ ತಕ್ಕ ಉತ್ತರವು ದೊರೆಯಲಿಲ್ಲ.

ಅದೇ ಕಾಲದಲ್ಲಿ, ನ್ಯೂಯಾರ್ಕಿನ ಬಡವರ ಕೇರಿಯಾದ ಪೂರ್ವ ಹಾರ್ಲೆಮ್‌ನಲ್ಲಿ ಯೂನಿಯನ್ ಸೆಟ್ಲ್‌ಮೆಂಟ್ ಎಂಬ ಸೇವಾಸಂಸ್ಥೆಯನ್ನು ನಡೆಸುತ್ತಿದ್ದ ವಿಲಿಯಂ ಕರ್ಕ್‌ರವರು ಅವರನ್ನು ಓಣಿ ಓಣಿಯಲ್ಲಿ ನಡೆಯಿಸಿಕೊಂಡು ಹೋದರು. ಈ ಸಂಸ್ಥೆಯು 1895ರಲ್ಲಿ ಒಂದು ಕ್ರೈಸ್ತ ದೇವಜ್ಞಾನ ಶಾಲೆಯ ಹಳೆಯ ವಿದ್ಯಾರ್ಥಿಗಳಿಂದ ಸ್ಥಾಪಿತವಾದುದು. ಹೊಸ ವಸತಿಗಳಿಗೋಸ್ಕರ ಅಲ್ಲಿ ಸಾವಿರಕ್ಕೂ ಮಿಕ್ಕಿದ ಅಂಗಡಿಗಳು ಅಳಿದಿದ್ದವು. ಅಂಗಡಿಗಳೊಂದಿಗೆ ಜನರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಠಾವುಗಳೂ ಅಳಿದವು. ನಕ್ಷೆಯಲ್ಲಿ ಅಂದವಾಗಿ ಕಂಡ ಹುಲ್ಲುಹಾಸನ್ನು ಅಲ್ಲಿಯ ಒಕ್ಕಲಿನವರು ದ್ವೇಷಿಸುತ್ತಿದ್ದರು. ಅವರಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ.

1956ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಭೆಗೆ ತಮ್ಮ ಹಿರಿಯ ಸಂಪಾದಕರ ಬದಲಾಗಿ ಹೋಗಬೇಕಾದಾಗ, ಸಭೆಯಲ್ಲಿ ಮಾತನಾಡಲು ಅಂಜುತ್ತಿದ್ದ ಈ ಮಹಿಳೆಯು ಮಹಾಪಂಡಿತರ ಮುಂದೆ ಇದನ್ನೇ ಬಿಚ್ಚಿ ಹೇಳಿದರು. 1961ರಲ್ಲಿ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಎಂಬ ಅವರ ಗ್ರಂಥವು ಹೊರಬಿತ್ತು. ಬೀದಿಯ ಕಡೆಗೆ ತೆರೆದ ಮನೆಗಳೂ ಅಂಗಡಿಗಳೂ ಇದ್ದಲ್ಲಿ ಜನರ ಕಣ್ಣುಗಳೇ ಬೀದಿಯನ್ನು ಕಾಯುವುವೆಂಬುದು ಅದರ ಮುಖ್ಯ ವಿಚಾರಗಳಲ್ಲೊಂದು. ಜಗಲಿಯ ಮೇಲೆ ಕುಳಿತ ಅಜ್ಜಿಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೆ ನಾವದನ್ನು ವಿದ್ಯೆಯೆಂದು ಎಣಿಸಿರಲಿಲ್ಲ.

ಹಾರ್ವರ್ಡಿನ ಭಾಷಣವನ್ನು ಮೆಚ್ಚಿದ್ದ ಪ್ರಸಿದ್ಧ ವಿಮರ್ಶಕ ಲೂಯಿಸ್ ಮಮ್‌ಫರ್ಡ್‌ರವರೇ 1962ರಲ್ಲಿ ಆ ಗ್ರಂಥವನ್ನು ಖಂಡಿಸಿ ಬರೆದರು. ಆ ಲೇಖನದ ಶಿರೋನಾಮೆಯಲ್ಲಿ 'ಜೇಕಬ್ಸ್ ಅಮ್ಮನ ಮನೆಮದ್ದು' ಎಂಬ ಹಾಸ್ಯವಿತ್ತು. ಹೆಂಗಸಿನ ಅನುಭವವು ಮನೆಮದ್ದು, ಗಂಡಸಿನ ಊಹೆಯು ಶಾಸ್ತ್ರ! ಆದರೂ ಆಕ್ಷೇಪಕರ ಮಾತೆಲ್ಲವೂ ಹುಸಿಯಲ್ಲ. ಅವರು ಉಳಿಸಿಕೊಂಡ ಗ್ರೀನಿಚ್ ವಿಲೇಜಿನಂತಹ ಕೇರಿಗಳಲ್ಲಿ ಇಂದು ಸಾಮಾನ್ಯ ದುಡಿಮೆಗಾರನು ಬಾಡಿಗೆ ತೆತ್ತು ಬಾಳಲಾರನು. ಆ ಅಪಾಯವನ್ನು ಅವರ ಗ್ರಂಥವು ಸಾಕಷ್ಟು ತೂಗಲಿಲ್ಲ. ಆದರೆ ತಾನು ನಂಬಿದ್ದುದು ತಪ್ಪೆಂದು ಕಂಡಾಗ ಹಾಗೆಯೇ ಹೇಳಿದ ಧೈರ್ಯಕ್ಕೆ ಇದರಿಂದ ಕುಂದಿಲ್ಲ. ಅವರು 2006ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ತೀರಿಕೊಂಡರು.

ನಮ್ಮಲ್ಲಿ ಹೊಸ ಕಟ್ಟಡವು ತೆರೆಯಲ್ಪಟ್ಟಾಗ ದಾನಿಗಳ ಹೆಸರೂ ವೆಚ್ಚದ ಮೊಬಲಗೂ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಒಂದು ವರುಷದ ಮೇಲೆ ಅಲ್ಲಿಗೆ ಹೋಗಿ, ಹೆರಿಗೆಗೆ ಬಂದವಳ ಸಂಗಡಿಗರು ರಾತ್ರಿ ಎಲ್ಲಿ ಮಲಗುತ್ತಾರೆ, ಮುದುಕರು ಆ ಮೆಟ್ಟಿಲುಗಳನ್ನು ಹೇಗೆ ಹತ್ತುತ್ತಾರೆ, ಹುಡುಗಿಯರು ಆ ಓಣಿಯಲ್ಲಿ ಸಂಜೆ ನಿರ್ಭಯವಾಗಿ ನಡೆಯಬಲ್ಲರೇ ಎಂದು ವಿಚಾರಿಸಿ ಬರೆಯುವವರು ವಿರಳ. ಕಟ್ಟುವ ವಿದ್ಯೆಯನ್ನು ಕಲಿಯಲು ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಮುಂದಾಗುತ್ತಿರುವುದು ಸಂತೋಷಕರವಾದುದೇ. ಅವರೊಂದಿಗೆ, ಕಟ್ಟಿದ್ದನ್ನು ಪರೀಕ್ಷಿಸಿ ಬರೆಯುವ ಕೆಲವರೂ ಈ ಶಾಲೆಯಿಂದ ಹೊರಡಲಿ. ಅದಕ್ಕೆ ಬೇಕಾದ ಅಭ್ಯಾಸವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಈ ಶಾಲೆಯ ಯಾವ ಕೋಣೆಯಲ್ಲಿ ಮಧ್ಯಾಹ್ನ ಗಾಳಿಯಾಡದು, ಯಾವ ಮೂಲೆಯಲ್ಲಿ ಚಿಕ್ಕ ಮಕ್ಕಳು ತಾವಾಗಿಯೇ ಕೂಡುವರು ಎಂಬುದನ್ನು ನಾಳೆಯೇ ನೋಡಿ, ಕಂಡದ್ದನ್ನು ಕಂಡಂತೆ ಬರೆದು ತಮ್ಮ ಅಧ್ಯಾಪಿಕೆಯರಿಗೆ ಒಪ್ಪಿಸಲಿ. ಓದುವ ದೊಡ್ಡವರಾದ ನಾವು ಅದಕ್ಕಾಗಿ ಕೋಪಗೊಳ್ಳದಿರೋಣ.