ಆ ನಾಲ್ಕು ಸಾವಿರ ಅಜ್ಜಿಗೆ ಕೊಡ್ರಿ

2023ರಲ್ಲಿ ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ಸಿನಿಮಾ ಬಂದಾಗ ನಮ್ಮ ಆಫೀಸಿನ ಅರ್ಧ ಟೀಮು ಸಿಟ್ಟಿಗೆದ್ದಿತ್ತು. ಕೈಯಿಂದ ಉಣಿಸಿದ್ದಕ್ಕೆಲ್ಲ ತಾಯಿಯಿಂದ ಮಕ್ಕಳನ್ನ ಕಸ್ಕೊಳ್ಳೋದಾ ಅಂತ. ಸಿಟ್ಟು ಸರಿಯಾದದ್ದೇ. ಆದರೆ ಅದೇ ಮಂದಿ, ತಮ್ಮ ಅಪಾರ್ಟ್‌ಮೆಂಟ್ ಪಕ್ಕದ ಕಟ್ಟಡದ ಮರಳಿನ ಗುಡ್ಡೆ ಮೇಲೆ ಕೂಲಿಯವರ ಮಗು ಆಡೋದು ಕಂಡರೆ, “ಇಂಥವರ ಮಕ್ಕಳನ್ನ ಸರ್ಕಾರ ಒಯ್ದು ಎಲ್ಲಾದ್ರೂ ಸೇರಿಸಬೇಕು” ಅಂತಾರೆ.

ಆ ಮಕ್ಕಳಲ್ಲಿ ನಮ್ಮ ಕಡೆಯವರೂ ಇರ್ತಾರೆ. ನಾನು ಮುಂಡರಗಿ ತಾಲ್ಲೂಕಿನ ಹಳ್ಳಿಯವ. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗೋದು ಹೊಸ ಸುದ್ದಿಯಲ್ಲ. ಮಗುವನ್ನು ಕರ್ಕೊಂಡು ಹೋದರೆ ಸಾಲಿ ತಪ್ಪುತ್ತದೆ. ಬಿಟ್ಟು ಹೋದರೆ ಅಜ್ಜಿ ತನ್ನ ಪಿಂಚಣಿಯಲ್ಲೇ ಸಾಕಬೇಕು.

2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಹೇಳುತ್ತದೆ. ಹಾಗಾದರೆ ಮೊದಲ ದಾರಿಗೆ ದುಡ್ಡೆಲ್ಲಿದೆ?

ಇದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ತಿಂಗಳಿಗೆ 4,000 ರೂಪಾಯಿ. ಮಗು ಮನೆಯಲ್ಲೇ ಬೆಳೆಯಲಿ ಅಂತಲೇ ಕೊಡೋದು. ಯಾರಿಗೆ? ವಿಧವೆಯ ಮಕ್ಕಳಿಗೆ, ನೆಂಟರ ಮನೆಯಲ್ಲಿರೋ ಅನಾಥರಿಗೆ, ಬಾಲಕಾರ್ಮಿಕರಿಗೆ, ಭಿಕ್ಷೆ ಬೇಡೋ ಮಕ್ಕಳಿಗೆ... ಪಟ್ಟಿ ಉದ್ದವಿದೆ. ಗುಳೆ ಹೋದವರ ಮಗು ಅನ್ನೋ ಸಾಲು ಮಾತ್ರ ಅದರಲ್ಲಿಲ್ಲ. ಅಂದರೆ, ಮೊದಲು ಬೀದಿಗೆ ಬೀಳು, ಆಮೇಲೆ ಬಾ. ಮೇಲೆ ಆದಾಯದ ಮಿತಿ ಬೇರೆ: ಹಳ್ಳಿಯಲ್ಲಿ ವರ್ಷಕ್ಕೆ 72,000. ಗಂಡ ಹೆಂಡತಿ ದಿನಕ್ಕೆ ಐನೂರರಂತೆ ದುಡಿದರೆ 72 ದಿನಕ್ಕೆ ಮಿತಿ ಮುಟ್ಟಿತು! ಈ ಲೆಕ್ಕಕ್ಕೆ ಎಂಜಿನಿಯರ್ ಬೇಕಿಲ್ಲ.

ಉಳಿದ ದಾರಿಗಳು? ಪಂಚಾಯ್ತಿಯ ಕೂಸಿನ ಮನೆ ಒಳ್ಳೆಯದು, ಆದರೆ ಅದು ಮೂರು ವರ್ಷದೊಳಗಿನ ಕೂಸಿಗೆ, ತಾಯಿ ಊರಲ್ಲೇ ಕೆಲಸಕ್ಕೆ ಹೋದರೆ ಮಾತ್ರ. ಸಮಗ್ರ ಶಿಕ್ಷಾದಲ್ಲಿ ಗುಳೆ ಹಂಗಾಮಿನ ಹಾಸ್ಟೆಲ್‌ಗೆ ಅವಕಾಶವಿದೆ. ಅಜ್ಜಿ ಇಲ್ಲದ ಮಗುವಿಗೆ ಅದೇ ಸೈ. ಅಪ್ಪ ಅವ್ವ ವಾಪಸ್ ಬಂದ ದಿನ ಮಗು ಮನೆಗೆ ಹೋಗಬಹುದು, ಯಾವ ಸಮಿತಿಯ ಆದೇಶಕ್ಕೂ ಕಾಯಬೇಕಿಲ್ಲ.

ಮನೆ ಅಂದರೆ ಎಲ್ಲಾ ಚಲೋ ಅಂತ ನಾನು ಹೇಳ್ತಿಲ್ಲ. ಗುಳೆ ಹೋಗೋ ಮುಂಚೆ ಹದಿನಾಲ್ಕರ ಹುಡುಗಿಗೆ ಮದುವೆ ಮಾಡಿ ಕೈತೊಳ್ಕೊಳ್ಳೋರು ಅದಾರ. ಕುಡಿದು ಬಡಿಯೋರೂ ಅದಾರ. ಅಂಥಲ್ಲಿ 1098ಕ್ಕೆ ಫೋನ್ ಮಾಡ್ರಿ, ಮಕ್ಕಳ ಕಲ್ಯಾಣ ಸಮಿತಿ ಅವತ್ತೇ ರಾತ್ರಿ ಮಗುವನ್ನು ಹೊರಗೆ ತರಲಿ. ಹೊಡೆತಕ್ಕೂ ಹಸಿವಿಗೂ ಒಂದೇ ಔಷಧ ಕೊಡಬೇಡ್ರಿ ಅಂತಷ್ಟೇ ನನ್ನ ತಕರಾರು.

ಬರ್ತ್‌ಡೇ ದಿನ ಅನಾಥಾಲಯದಲ್ಲಿ ಕೇಕ್ ಕತ್ತರಿಸಿ ಫೋಟೊ ಹಾಕೋ ಗೆಳೆಯರೇ, ಅಲ್ಲಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಅವ್ವ ಇದ್ದಾಳೆ ಅಂತ ಒಮ್ಮೆ ಕೇಳಿ ನೋಡಿ. ನಿಮ್ಮ ಕಂಪನಿಯ ಸಿಎಸ್‌ಆರ್ ದುಡ್ಡು ಗೋಡೆಗೆ ಬಣ್ಣ ಬಳಿಯೋದು ಬಿಟ್ಟು ಇಲ್ಲಿಗೆ ಬರಲಿ. ಗುಳೆ ಹೊರಡೋ ಮುಂಚೆ ಪಂಚಾಯ್ತಿ ಮಕ್ಕಳ ಪಟ್ಟಿ ಮಾಡಲಿ, ಅಂಗನವಾಡಿ ಅಕ್ಕ ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡಲಿ. ಎಂಟು ತಿಂಗಳಿಗೆ ಒಂದು ಮಗುವಿಗೆ 32,000. ದುಡ್ಡು ಅಜ್ಜಿಯ ಖಾತೆಗೇ ಬೀಳಬೇಕು. ಅಪ್ಪನ ಖಾತೆಗೆ ಹಾಕಿದ್ರ ಏನಾಗ್ತದ ಅಂತ ನಮ್ಮೂರಾಗ ಯಾರನ್ನ ಕೇಳಿದ್ರೂ ಹೇಳ್ತಾರ.