ವಿಂಗಡಣೆಯ ಶ್ರಮಕ್ಕೂ ಅಂಚೆ ರಿಯಾಯಿತಿ ಸಲ್ಲಲಿ

ಸಾವಿರಾರು ಪತ್ರಗಳನ್ನು ಒಟ್ಟಿಗೆ ಅಂಚೆಗೆ ಒಪ್ಪಿಸುವವರಿಗೆ ಕಡಿಮೆ ದರ ಸಿಗುವುದು ಅವರು ದೊಡ್ಡ ಗಿರಾಕಿಗಳೆಂಬ ಕಾರಣಕ್ಕೆ ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ, ಅಮೆರಿಕದ ಅಂಚೆ ವ್ಯವಸ್ಥೆ ಸುಮಾರು ಅರ್ಧ ಶತಮಾನದಿಂದ ಅನುಸರಿಸುತ್ತಿರುವ ತತ್ವ ಬೇರೆಯೇ ಆಗಿದೆ. ಪತ್ರಗಳನ್ನು ಮೊದಲೇ ವಿಂಗಡಿಸಿ ತರುವವರಿಗೆ ಅಲ್ಲಿ 1976ರಲ್ಲಿ ರಿಯಾಯಿತಿ ಆರಂಭವಾಯಿತು. ಆ ರಿಯಾಯಿತಿಯು ಅಂಚೆಗೆ ಉಳಿತಾಯವಾಗುವ ವೆಚ್ಚವನ್ನು ಮೀರಬಾರದೆಂದು, ಕೆಲವು ವಿನಾಯಿತಿಗಳೊಂದಿಗೆ, 2006ರ ಕಾಯ್ದೆ ವಿಧಿಸಿತು. ಅಂದರೆ, ರಿಯಾಯಿತಿಯೆಂಬುದು ಕಳುಹಿಸುವವರು ಮಾಡಿಕೊಟ್ಟ ಕೆಲಸದ ಕೂಲಿ.

ಈ ಕೆಲಸದ ನಿಯಮಗಳು ಹೊರನೋಟಕ್ಕೆ ಕಿರಿಕಿರಿಯೆನಿಸಿದರೂ ಹಲವುಗಳ ಹಿಂದೆ ವಿಂಗಡಣಾ ಯಂತ್ರದ ಅಗತ್ಯವಿದೆ. ಪತ್ರದ ಉದ್ದವು ಎತ್ತರದ 1.3 ಪಟ್ಟಿಗಿಂತ ಕಡಿಮೆಯಾಗಿ ಚೌಕಕ್ಕೆ ಸಮೀಪಿಸಿದರೆ ಅದು ಓಡುವ ಪಟ್ಟಿಯ ಮೇಲೆ ಮಗುಚಿ ವಿಳಾಸ ಅಡ್ಡವಾಗುತ್ತದೆ. ಲಕೋಟೆಯಿಲ್ಲದೆ ಮಡಚಿ ಕಳುಹಿಸುವ ಕರಪತ್ರದ ಬಾಯಿಯನ್ನು ಅಂಟಿಸದಿದ್ದರೆ ಅದು ಯಂತ್ರಕ್ಕೆ ಸಿಕ್ಕಿ ಹರಿಯುತ್ತದೆ. ಜಾಹೀರಾತು ಪತ್ರಗಳ ದರ್ಜೆಯಲ್ಲಿ ವಿಳಾಸಪಟ್ಟಿಯನ್ನು ರವಾನೆಗೆ ಹಿಂದಿನ 95 ದಿನಗಳೊಳಗೆ ಪರಿಷ್ಕರಿಸಿರಬೇಕೆಂಬ ಷರತ್ತೂ ಇದೆ. ಮನೆ ಬದಲಿಸಿದವರ ಪತ್ರ ಊರೂರು ಅಲೆಯುವುದನ್ನು ತಪ್ಪಿಸುವ ಈ ಷರತ್ತೇ ಬಹುಶಃ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಈ ದರ್ಜೆಗೆ ಬೇಕಾದ ಕನಿಷ್ಠ ಪ್ರಮಾಣ ಕೇವಲ 200 ಪ್ರತಿ ಅಥವಾ 50 ಪೌಂಡ್ ತೂಕ ಎಂಬುದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಸಣ್ಣ ಸಂಘಸಂಸ್ಥೆಗಳಿಗೂ ಅದು ನಿಲುಕುವಂಥದ್ದು.

ಭಾರತದಲ್ಲಿ ಇಂಥ ವಿಂಗಡಣೆಗೆ ಬೇಕಾದ ಅಡಿಪಾಯ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್‌ನಲ್ಲೇ ಇದೆ. ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣಾ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುವುದರಿಂದ, 560, 570, 580 ಎಂದು ಕಟ್ಟು ಕಟ್ಟಿ ಕೊಟ್ಟರೆ ಬೆಂಗಳೂರು, ಮೈಸೂರು, ಧಾರವಾಡದ ಪ್ರತಿಗಳು ಆರಂಭದಲ್ಲೇ ಬೇರ್ಪಡುತ್ತವೆ. ಆದರೆ ಕನ್ನಡ ನಿಯತಕಾಲಿಕಗಳು ಆಶ್ರಯಿಸಿರುವ ನೋಂದಾಯಿತ ಪತ್ರಿಕೆಗಳ ದರ, 50 ಗ್ರಾಂವರೆಗಿನ ಪ್ರತಿಗೆ 25 ಪೈಸೆಯಷ್ಟು ಅಗ್ಗವಾಗಿ ದಶಕಗಳ ಕಾಲ ನಡೆದುಬಂದ ಆ ಸೌಲಭ್ಯ, ನಿಂತಿರುವುದು ಈ ಶ್ರಮದ ಮೇಲಲ್ಲ. ಪತ್ರಿಕೆಯಲ್ಲಿ ಏನಿದೆ, ನಿಜವಾದ ಚಂದಾದಾರರ ಪಟ್ಟಿ ಇದೆಯೇ, ಸಂಚಿಕೆಗಳ ನಡುವಿನ ಅಂತರ 31 ದಿನಗಳನ್ನು ಮೀರಿಲ್ಲವೇ ಎಂಬ ಪ್ರಶ್ನೆಗಳನ್ನು 1898ರ ಅಂಚೆ ಕಾಯ್ದೆ ಮುಂದಿಟ್ಟಿತ್ತು. ಸಾರ್ವಜನಿಕ ಹಿತದ ದೃಷ್ಟಿಯಿಂದ ಅದು ಸರಿಯಾದ ನೀತಿಯೇ. ಆದರೂ ಆ ಅಳತೆಗೋಲಿನಲ್ಲಿ ತ್ರೈಮಾಸಿಕಗಳು ಹೊರಗುಳಿದವು, ಕನ್ನಡದ ಗಂಭೀರ ವಿಮರ್ಶೆ ಮತ್ತು ಸಂಶೋಧನೆಯ ಬಹುಭಾಗವನ್ನು ಹೊತ್ತ ಕಿರುಪತ್ರಿಕೆಗಳು ಅವುಗಳಲ್ಲಿ ಸೇರಿದ್ದವು.

ಹಳೆಯ ಕಾಯ್ದೆಯ ಬದಲಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್‌ನಲ್ಲಿ ಜಾರಿಯಾಗಿದೆ. ಪತ್ರಿಕೆಗಳ ಈಗಿನ ಸೌಲಭ್ಯವನ್ನು ಕುಂದಿಸದೆ, ಪಿನ್‌ಕೋಡ್‌ವಾರು ವಿಂಗಡಿಸಿ, ವಿಳಾಸಗಳನ್ನು ಪರಿಷ್ಕರಿಸಿ ತರುವ ಯಾವುದೇ ನಿಯತಕಾಲಿಕಕ್ಕೆ, ಅದು ತ್ರೈಮಾಸಿಕವಾಗಿದ್ದರೂ, ಇನ್ನೂರು ಪ್ರತಿಗಳಿಂದಲೇ ದೊರೆಯುವ ಪ್ರತ್ಯೇಕ ದರವೊಂದನ್ನು ಅಂಚೆ ಇಲಾಖೆ ನಿಗದಿಪಡಿಸಬೇಕು.