ಬೆಸ ತಾಳವೂ ನಮ್ಮ ಬಾಯಿಯೂ

ಕಳೆದ ವರ್ಷದ ಕಾಲೇಜು ದಿನೋತ್ಸವದಲ್ಲಿ ನಾನು ಜಾಸ್ ಡ್ರಮ್ಸ್ ನುಡಿಸಿದ್ದನ್ನು ಮಿತ್ರರು ಮರೆತಿರಬಹುದು, ನಾನು ಮರೆತಿಲ್ಲ. ಏಳು ಎಣಿಕೆಯ ತಾಳದಲ್ಲಿ ಒಬ್ಬನೇ ನಾಲ್ಕು ನಿಮಿಷ ನುಡಿಸುತ್ತೇನೆಂದು ಜಂಬದಿಂದ ಸಾರಿಕೊಂಡು ವೇದಿಕೆ ಹತ್ತಿದ್ದೆ. ಎರಡನೆಯ ನಿಮಿಷದಲ್ಲಿಯೇ ತಾಳ ಕೈಬಿಟ್ಟಿತು. ನಗುಮುಖವನ್ನು ಉಳಿಸಿಕೊಂಡು, ಸದ್ದನ್ನು ಏರಿಸಿ, ಹೇಗೋ ಮುಗಿಸಿದೆ. ಸಭಿಕರು ಜೋರಾಗಿ ಚಪ್ಪಾಳೆ ತಟ್ಟಿದರು. ಸದ್ದಿಗೆ ಚಪ್ಪಾಳೆ ಬೀಳುವುದು ಲೋಕರೂಢಿಯಷ್ಟೆ!

ಹೊರಗೆ ಬಂದಾಗ ಬಾಗಿಲ ಪಕ್ಕದಲ್ಲಿ ವೃದ್ಧರೊಬ್ಬರು ತಮಟೆ ಹಿಡಿದು ನಿಂತಿದ್ದರು. ಅಂದು ಮುಖ್ಯ ಅತಿಥಿಗಳನ್ನು ಗೇಟಿನಿಂದ ಸಭಾಂಗಣದವರೆಗೆ ಮೆರವಣಿಗೆಯಲ್ಲಿ ಕರೆತಂದ ತಂಡದವರು ಅವರು. ನನ್ನನ್ನು ಕಂಡು ಮೆಲ್ಲಗೆ ಹೇಳಿದರು: "ಮೂರನೇ ಸುತ್ತಿನಲ್ಲಿ ಒಂದು ಏಟು ನುಂಗ್ಬಿಟ್ಟೆ ಕಣಪ್ಪಾ. ಕೈ ಎಣಿಸ್ತಾ ಇತ್ತು, ಬಾಯಿ ಸುಮ್ನಿತ್ತು."

"ನಿಮಗೆ ಹೇಗೆ ಗೊತ್ತಾಯ್ತು ತಾತಾ?"

"ನಾನು ಇಲ್ಲಿ ಕಾಲಲ್ಲಿ ತಾಳ ಹಾಕ್ತಿದ್ನಲ್ಲಪ್ಪಾ."

ಒಳಗಿದ್ದ ಅಷ್ಟು ಜನರಲ್ಲಿ ಯಾರಿಗೂ ತಿಳಿಯದ ತಪ್ಪು ಬಾಗಿಲ ಹೊರಗಿದ್ದವರಿಗೆ ತಿಳಿದಿತ್ತು. ಆ ಮಾತಿನಿಂದ ನಾನು ಕಲಿತದ್ದನ್ನೂ, ಅದರಿಂದ ನನಗೆ ಮೂಡಿದ ಒಂದು ಅಭಿಪ್ರಾಯವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಸ ಎಣಿಕೆ ಕಷ್ಟವೇಕೆ? ಮನುಷ್ಯನಿಗೆ ಇರುವುದು ಎರಡೇ ಕಾಲು. ನಾವು ದಿನವೂ ಕೇಳುವ ಹಾಡುಗಳಲ್ಲಿ ಬಹುಪಾಲು ನಾಲ್ಕರ ನಡೆಯವು. ಜಾಸ್ ವಾದಕನ ಎಡಗಾಲಿನ ಕೆಳಗೆ ತುಳಿದು ಮುಚ್ಚುವ ಒಂದು ಜೋಡಿ ಕಂಚಿನ ತಾಳವಿರುತ್ತದೆ. ನಾಲ್ಕರ ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಅದನ್ನು ಮುಚ್ಚುವುದು ಮೊದಲ ಪಾಠ. ಏಳರಲ್ಲಿ ಆ ಕಾಲು ಎರಡು, ನಾಲ್ಕು, ಆರಕ್ಕೆ ಸರಿಯಾಗಿ ಮುಚ್ಚಿ, ಅಭ್ಯಾಸಬಲದಿಂದ ಎಂಟಕ್ಕೂ ಮುಚ್ಚಹೋಗುತ್ತದೆ. ಆದರೆ ಅಲ್ಲಿ ಎಂಟು ಎಲ್ಲಿದೆ? ಮುಂದಿನ ಸುತ್ತಿನ ಒಂದು ಆಗಲೇ ಬಂದು ಕುಳಿತಿದೆ!

ಚಿಕ್ಕಬಳ್ಳಾಪುರದಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ ಇದನ್ನು ಹೇಳಿಕೊಡುವ ಗುರುಗಳು ನನಗೆ ದೊರೆಯಲಿಲ್ಲ. ಗೌರಿಬಿದನೂರಿನಲ್ಲಿ ಮದುವೆ ಆರ್ಕೆಸ್ಟ್ರಾ ನಡೆಸುವ ನನ್ನ ಸೋದರಮಾವನ ಡ್ರಮ್ಸ್ ಮೇಲೆ ರಜೆಯಲ್ಲಿ ಕೈ ಆಡಿಸಿ, ಒಂದರಿಂದ ಏಳರವರೆಗೆ ಮನಸ್ಸಿನಲ್ಲಿಯೇ ಎಣಿಸಿಕೊಂಡು ಕಲಿತವನು ನಾನು. ಕೈ ಹಳೆಯ ಮಾತನ್ನೇ ಆಡುತ್ತಿರುವವರೆಗೆ ಈ ಎಣಿಕೆ ನಿಲ್ಲುತ್ತದೆ. ಕೈಯಲ್ಲಿ ಹೊಸ ಮಾತು ಹುಟ್ಟಿತೋ, ಎಣಿಕೆ ಪಲಾಯನ ಮಾಡುತ್ತದೆ.

ತಾತನ ಮಾತಿನ ಅರ್ಥ ತಿಳಿದದ್ದು ಕನ್ನಡ ತರಗತಿಯಲ್ಲಿ. ಅಧ್ಯಾಪಕರು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಿದ್ದರು: ಮೂರು, ನಾಲ್ಕು, ಮೂರು, ನಾಲ್ಕು. ಬೆಂಚಿನ ಮೇಲೆ ನನ್ನ ಬೆರಳು ತಾನಾಗಿ ಆಡತೊಡಗಿತು. ಮೂರು ನಾಲ್ಕು ಸೇರಿದರೆ ಏಳಲ್ಲವೇ? ಕುಮಾರವ್ಯಾಸನು ತನ್ನ ಭಾರತವನ್ನೆಲ್ಲ ನಡೆಸಿದ್ದು ಈ ಏಳರ ಹೆಜ್ಜೆಯಲ್ಲಿ! ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯಾದರೋ ಐದೈದು ಮಾತ್ರೆಗಳ ನಡೆ. ಓದು ಬಾರದ ನಮ್ಮ ಹಿರಿಯರೂ ಗಮಕಿಗಳ ಬಾಯಿಂದ ಇವನ್ನು ಕೇಳಿ ತಲೆದೂಗಿದರು. ಯಾರೂ ಬೆರಳು ಮಡಿಸಿ ಎಣಿಸಲಿಲ್ಲ. ಯಾವುದನ್ನು ವಿದೇಶದ ವಿದ್ಯೆಯೆಂದು ನಾನು ತಿಣುಕುತ್ತಿದ್ದೆನೋ ಅದು ಪರೀಕ್ಷೆಯ ಐದು ಅಂಕಗಳಿಗಾಗಿ ಉರುಹೊಡೆದ ಪುಟದಲ್ಲಿಯೇ ಇತ್ತು.

ಮೃದಂಗದವರು ಇದನ್ನು ಎಂದೋ ಶಾಸ್ತ್ರ ಮಾಡಿಕೊಂಡಿದ್ದಾರೆ. ಅವರಿಗೆ ಐದೆಂಬುದು ಅಂಕಿಯಲ್ಲ, 'ತಕತಕಿಟ' ಎಂಬ ಮಾತು, ಏಳು 'ತಕಿಟತಕಧಿಮಿ'. ಮೊದಲು ಬಾಯಿ, ಆಮೇಲೆ ಕೈ. ಬಾಯಿ ತಾಳವನ್ನು ಕಾಯುತ್ತಿದ್ದರೆ ಕೈ ಸ್ವತಂತ್ರವಾಗುತ್ತದೆ. ಒಂಟಿವಾದನವನ್ನು ಮುಗಿಸುವ ಬಗೆಯೂ ಹೀಗೆಯೇ. ಏಳರ ತಾಳದಲ್ಲಿ 'ತಕತಕಿಟ'ವನ್ನು ಮೂರು ಸಲ ನುಡಿಸಿ, ನಡುವಿನ ಎರಡು ತೆರವುಗಳಲ್ಲಿ ಮೂರು ಮೂರು ಮಾತ್ರೆ ಬಿಟ್ಟರೆ ಹದಿನೈದೂ ಆರೂ ಕೂಡಿ ೨೧. ಅಂದರೆ ಸರಿಯಾಗಿ ಮೂರು ಸುತ್ತು. ಮುಂದಿನ ಏಟು ಸಮಕ್ಕೆ ಬಂದು ಬೀಳುತ್ತದೆ. ಭಾಮಿನಿಯ ಮೂರನೆಯ ಪಾದವನ್ನು ನೋಡಿರಿ: ೨೧ ಮಾತ್ರೆಗಳಾದ ಮೇಲೆ ಒಂದು ಗುರು. ಆ ಗುರು ಬಂದು ಕೂರುವ ಸುಖವೇ ಸಮದ ಸುಖ.

ಇದು ಪೂರ್ವ ಪಶ್ಚಿಮಗಳ ಜಗಳವಲ್ಲ. ಅಮೆರಿಕದ ಡೇವ್ ಬ್ರೂಬೆಕ್ ೧೯೫೮ರ ಪ್ರವಾಸದಲ್ಲಿ ತುರ್ಕಿಯ ಬೀದಿ ವಾದಕರಿಂದ ಒಂಬತ್ತರ ತಾಳವನ್ನು ಕೇಳಿ, ಮರುವರ್ಷವೇ ಅದರ ಮೇಲೆ ಒಂದು ಕೃತಿಯನ್ನು ಧ್ವನಿಮುದ್ರಿಸಿದರು. ಬೀದಿಯವರಿಂದ ಕಲಿಯಲು ಅವರು ನಾಚಲಿಲ್ಲ. ಅದೇ ೧೯೫೯ರ ತಟ್ಟೆಯಲ್ಲಿರುವ 'ಟೇಕ್ ಫೈವ್' ಐದರ ತಾಳದ್ದು. ಅದರಲ್ಲಿ ಜೋ ಮೊರೆಲ್ಲೊ ಡ್ರಮ್ಸ್ ಮೇಲೆ ಒಂಟಿಯಾಗಿ ವಿಹರಿಸುವಾಗ ಪಿಯಾನೊ ಐದರ ಆವರ್ತವನ್ನು ಬಿಡದೆ ನುಡಿಸುತ್ತಲೇ ಇರುತ್ತದೆ. ಕೈವಾರದಲ್ಲಿ ಗುರುಪೂಜೆಯ ಸಂಗೀತೋತ್ಸವಕ್ಕೆ ಹೋದವರು ತನಿ ಆವರ್ತನವನ್ನು ಕೇಳಿದ್ದರೆ, ಅಲ್ಲಿಯೂ ಗಾಯಕರು ಕೈಯಲ್ಲಿ ತಾಳ ಹಾಕುತ್ತ ಕುಳಿತಿದ್ದುದನ್ನು ಕಂಡಿರಬೇಕು. 'ತನಿ' ಎಂಬುದು ಹೆಸರಿಗೆ ಮಾತ್ರ. ಒಬ್ಬನು ಹಾರಬೇಕಾದರೆ ಇನ್ನೊಬ್ಬನು ನೆಲವನ್ನು ಹಿಡಿದಿರಬೇಕು. ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಅದರ ಕಲಾವಿದರು ಜಾಸ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಅವರೊಡನೆ ೧೯೮೩ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ತಂದರು. ಎರಡು ದಾರಿಗಳು ಕೂಡುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಅಂದು ನನ್ನ ತಾಳವನ್ನು ಹಿಡಿದಿದ್ದವರು ಬಾಗಿಲ ಹೊರಗಿದ್ದ ತಾತ ಒಬ್ಬರೇ. ಬೆಂಕಿಯ ಕಾವಿಗೆ ಚರ್ಮವನ್ನು ಹದಮಾಡಿ, ಬಿಸಿಲಿನಲ್ಲಿ ನಡೆಯುತ್ತ ನುಡಿಸಿದವರಿಗೆ ನಾವು ಬಾಗಿಲಲ್ಲಿ ನೂರಾರು ರೂಪಾಯಿ ಕೊಟ್ಟು ಬೀಳ್ಕೊಟ್ಟೆವು. ಒಂದು ಏಟು ನುಂಗಿದ ನನಗೆ ಶಾಲು ಹೊದಿಸಿದೆವು. ತಮಟೆ ಬೀದಿಯ ವಾದ್ಯ, ಸಭೆಗೆ ಸಲ್ಲದು ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ರಾಷ್ಟ್ರಪತಿ ಭವನದ ಒಳಗೆ ಸಂದ ವಿದ್ಯೆ ನಮ್ಮ ಸಭಾಂಗಣದ ಹೊಸಿಲಿನಲ್ಲಿ ನಿಲ್ಲಬೇಕೆ? ಅದನ್ನು ಹೊರಗೆ ನಿಲ್ಲಿಸುವುದು ವಾದ್ಯದ ಗುಣವಲ್ಲ, ನುಡಿಸುವವರ ಜಾತಿಯನ್ನು ನೋಡುವ ನಮ್ಮ ಕಣ್ಣು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಬರೆಯಬೇಕಾಗಿ ಬಂದುದಕ್ಕೆ ನಾಚಿಕೆಯಿದೆ.

ಆದ್ದರಿಂದ ಎರಡು ವಿನಂತಿಗಳು. ಅಧ್ಯಾಪಕರು ಷಟ್ಪದಿಯನ್ನು ಕಪ್ಪು ಹಲಗೆಯ ಮೇಲೆ ಕತ್ತರಿಸುವ ಮೊದಲು ಒಮ್ಮೆ ಕೈತಟ್ಟಿಸಿ ಬಾಯಲ್ಲಿ ಹೇಳಿಸಲಿ. ವಿದ್ಯಾರ್ಥಿ ಸಂಘದವರು ಅತಿಥಿಗಳನ್ನು ಕರೆತಂದ ವಾದ್ಯದವರನ್ನೂ ಒಳಗೆ ಕರೆತಂದು, ವೇದಿಕೆಯ ಮೇಲೆ ಕಾಲು ಗಂಟೆಯ ಅವಕಾಶವನ್ನೂ, ಇತರ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆಯನ್ನೂ ಕೊಡಲಿ.

ಬರುವ ದಿನೋತ್ಸವದಲ್ಲಿ ನನಗೆ ಮತ್ತೆ ನಾಲ್ಕು ನಿಮಿಷ ದೊರೆತರೆ, ಅದರಲ್ಲಿ ಎರಡು ತಾತನವು. ಅವರು ನುಡಿಸುವಾಗ ಪಕ್ಕದಲ್ಲಿ ಕುಳಿತು ತಾಳ ಹಾಕುವ ಕೆಲಸ ನನ್ನದು. ಈ ಸಲ ಬಾಯಿ ಸುಮ್ಮನಿರುವುದಿಲ್ಲ.